ವಸಯಿಯಲ್ಲೊಂದು ಮನೆ

ಸಮುದ್ರತೀರದ ಊರಿನಲ್ಲಿ ಕಡಲಿಗೆ ಎದುರಾದ ಮನೆಗೆ ಬೆಲೆ ಹೆಚ್ಚು, ಒಳನಾಡಿನ ಕಡೆಗೆ ಸರಿದಂತೆ ಕಡಿಮೆ ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಸುಳ್ಳಾಗುವ ಊರೊಂದಿದೆ. ಮುಂಬಯಿಯ ಉತ್ತರಕ್ಕೆ, ಉಲ್ಹಾಸ ನದಿಯ ಅಳಿವೆಯನ್ನು ದಾಟಿದೊಡನೆ ಸಿಕ್ಕುವ ವಸಯಿಯೇ ಆ ಊರು. ಅಲ್ಲಿ ಮನೆ ತೋರಿಸಲು ಬರುವ ದಲ್ಲಾಳಿಯು ಕಡಲಿನ ಸುದ್ದಿಯನ್ನೇ ಎತ್ತುವುದಿಲ್ಲ. ಅವನು ಹೇಳುವ ಮೊದಲನೆಯ ಮಾತು, “ಸ್ಟೇಷನ್ನಿಗೆ ನಡೆದರೆ ಏಳೇ ನಿಮಿಷ.” ಎರಡನೆಯ ಮಾತು, “ನೀರಿಗೇನೂ ತೊಂದರೆಯಿಲ್ಲ.” ಮೂರನೆಯ ಮಾತನ್ನು ಅವನು ತಾನಾಗಿ ಆಡುವುದಿಲ್ಲ, ನಾವೇ ಕೇಳಬೇಕು. ಅದು ಕಾಗದಪತ್ರಗಳ ಸಂಗತಿ.

ಕಾಲೇಜಿನ ಡಿಸೆಂಬರ್ ರಜೆಯಲ್ಲಿ ನಾನು ಈ ಮೂರು ಮಾತುಗಳ ಬೆನ್ನು ಹತ್ತಿ ವಸಯಿಯ ಬೀದಿಗಳನ್ನು ನಾಲ್ಕು ದಿನ ಸುತ್ತಿದೆನು. ಮನೆ ಬೇಕಾಗಿದ್ದುದು ನನಗಲ್ಲ. ನನ್ನ ಬಾಲ್ಯದ ಗೆಳೆಯರೊಬ್ಬರಿಗೆ. ಕುಂದಾಪುರದ ಕಡೆಯವರಾದ ಅವರು ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತವರು. ಅಂಧೇರಿಯಲ್ಲಿ ಬಾಡಿಗೆಯ ಒಂದು ಕೋಣೆ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರು, ಹೊಸ ಬಾಡಿಗೆ, ಕೆಲವೊಮ್ಮೆ ಹೊಸ ಕೋಣೆ. ಮಗಳು ಕಾಲೇಜು ಸೇರುವ ಹೊತ್ತಿಗೆ ಸ್ವಂತದ್ದೆಂಬ ಬಾಗಿಲೊಂದು ಇರಬೇಕೆಂದು ದಂಪತಿಗಳು ನಿಶ್ಚಯಿಸಿದ್ದರು. ಊರಿನ ಗದ್ದೆಯ ಪಾಲು ಮಾರಿದ ಹಣ, ಚೀಟಿಯ ಹಣ, ಬ್ಯಾಂಕಿನಿಂದ ಸಿಗಬಹುದಾದ ಸಾಲ ಇವೆಲ್ಲವನ್ನೂ ಒಂದು ಕಾಗದದಲ್ಲಿ ಕೂಡಿಸಿ ಬರೆದಿಟ್ಟುಕೊಂಡಿದ್ದರು. ಆ ಮೊತ್ತ ಅವರನ್ನು ವಸಯಿಗೆ ಕರೆತಂದಿತು. ಮುಂಬಯಿಯಲ್ಲಿ ನೆಲೆಯನ್ನು ನಿರ್ಧರಿಸುವುದು ಮನುಷ್ಯನ ಇಚ್ಛೆಯಲ್ಲ, ಅವನ ಮೊತ್ತ.

ಎರಡು ವಸಯಿಗಳು

ಚರ್ಚಗೇಟಿನಿಂದ ವಿರಾರದವರೆಗೆ ಪಶ್ಚಿಮ ರೈಲ್ವೆಯ ಹಳಿ 60 ಕಿಲೋಮೀಟರು. ವಸಯಿ ರೋಡ್ ನಿಲ್ದಾಣ 52ನೆಯ ಕಿಲೋಮೀಟರಿನ ಸುಮಾರಿಗೆ ಬರುತ್ತದೆ. ಭಾಯಂದರವನ್ನು ಬಿಟ್ಟ ಗಾಡಿ ಖಾಡಿಯ ಸೇತುವೆಯನ್ನೇರಿದಾಗ ಒಮ್ಮೆಲೆ ಆಕಾಶ ವಿಶಾಲವಾಗುತ್ತದೆ. ಕೆಳಗೆ ಕಂದು ನೀರು, ನಡುವೆ ಪಾಣಜು ಎಂಬ ದ್ವೀಪದ ತೆಂಗಿನ ಮರಗಳು, ದಡದಲ್ಲಿ ಉಪ್ಪಿನ ಆಗರಗಳು. ನಮ್ಮ ಕರಾವಳಿಯವನಿಗೆ ಗಂಗೊಳ್ಳಿಯ ಅಳಿವೆ ನೆನಪಾಗದೆ ಇರದು. ಆದರೆ ಡಬ್ಬಿಯೊಳಗೆ ಆ ನೋಟವನ್ನು ನೋಡುವ ಸ್ಥಿತಿಯಲ್ಲಿದ್ದವರು ಯಾರೂ ಕಾಣಲಿಲ್ಲ. ನಿಂತವರು ನಿಂತಲ್ಲೇ ಕಣ್ಣು ಮುಚ್ಚಿದ್ದರು. ಕುಳಿತವರು ಯಾವಾಗಲೋ ನಿದ್ರೆಹೋಗಿದ್ದರು.

“ರೋಡ್” ಎಂಬ ಪದವನ್ನು ಓದುಗರು ಗಮನಿಸಬೇಕು. ಊರು ಒಂದೆಡೆ, ನಿಲ್ದಾಣ ಮತ್ತೊಂದೆಡೆ ಇದ್ದಾಗ ರೈಲಿನವರು ನಿಲ್ದಾಣದ ಹೆಸರಿಗೆ ಈ ಬಾಲವನ್ನು ಸೇರಿಸುತ್ತಿದ್ದರು. ಹಳೆಯ ವಸಯಿ ಇರುವುದು ನಿಲ್ದಾಣದಿಂದ ಹಲವು ಕಿಲೋಮೀಟರು ದೂರದಲ್ಲಿ, ಖಾಡಿಯ ಬಾಯಲ್ಲಿ. 1534ರಲ್ಲಿ ಗುಜರಾತಿನ ಬಹಾದೂರ ಶಹನು ಅದನ್ನು ಪೋರ್ತುಗೀಸರಿಗೆ ಬಿಟ್ಟುಕೊಟ್ಟನು. ಅವರು ಕೋಟೆ ಕಟ್ಟಿ, ಇಗರ್ಜಿಗಳನ್ನೆಬ್ಬಿಸಿ, ಇನ್ನೂರು ವರ್ಷ ಆಳಿದರು. 1739ರಲ್ಲಿ ಚಿಮಾಜಿ ಅಪ್ಪಾ ಮರಾಠರ ಸೈನ್ಯದೊಂದಿಗೆ ಅದನ್ನು ಗೆದ್ದನು. 1802ರಲ್ಲಿ ಎರಡನೆಯ ಬಾಜೀರಾಯನು ಇಂಗ್ಲಿಷರೊಡನೆ ಒಪ್ಪಂದಕ್ಕೆ ಸಹಿ ಹಾಕಿ ಪೇಶ್ವೆಗಳ ಸ್ವಾತಂತ್ರ್ಯವನ್ನು ಕಳೆದುಕೊಂಡದ್ದೂ ಇಲ್ಲಿಯೇ. ಇಂದು ಕೋಟೆಯ ಒಳಗೆ ಇಗರ್ಜಿಗಳ ಮಾಡಿಲ್ಲದ ಗೋಡೆಗಳು ನಿಂತಿವೆ. ಕಮಾನುಗಳ ಮೇಲೆ ಆಲದ ಬೇರು ಇಳಿದಿದೆ. ಕೋಟೆಯ ಮಗ್ಗುಲಲ್ಲಿ ಕಿಲ್ಲಾಬಂದರ, ಪಾಚೂಬಂದರಗಳಲ್ಲಿ ಕೋಳಿ ಬೆಸ್ತರು ಮೀನು ಒಣಗಿಸುತ್ತಾರೆ. ಇದು ಕಡಲಿಗೆ ಮುಖ ಮಾಡಿದ ವಸಯಿ.

ಇನ್ನೊಂದು ವಸಯಿ ರೈಲಿಗೆ ಮುಖ ಮಾಡಿದ್ದು. 1867ರ ಏಪ್ರಿಲಿನಲ್ಲಿ ವಿರಾರದಿಂದ ಮುಂಬಯಿಯ ಬ್ಯಾಕ್ ಬೇಗೆ ದಿನಕ್ಕೊಂದು ಗಾಡಿ ಹೊರಟಿತು. ಆ ಗಾಡಿಗೆ ಹೊರೆಯಾದದ್ದು ಹೆಚ್ಚಾಗಿ ತೋಟದ ಬೆಳೆ: ಬಾಳೆ, ವೀಳ್ಯದೆಲೆ, ತರಕಾರಿ, ಹೂವು. ವಸಯಿಯ ಮಣ್ಣು ಮುಂಬಯಿಯ ಊಟಕ್ಕೆ ಬಡಿಸುತ್ತಿತ್ತು. ಮನುಷ್ಯರೇ ಮುಖ್ಯ ಸರಕಾದದ್ದು ಬಹಳ ಕಾಲದ ಮೇಲೆ. ಮಾಣಿಕಪುರ, ನವಘರ ಎಂಬ ಹಳ್ಳಿಗಳು ನಿಲ್ದಾಣದ ಇಕ್ಕೆಲಗಳಲ್ಲಿದ್ದುವಷ್ಟೆ. ಅವೇ ಇಂದಿನ ಪೇಟೆ. ಕೋಟೆಯು ಊರ ಕೊನೆಯಾಯಿತು, ಹಳ್ಳಿಯು ಊರ ನಡುವಾಯಿತು. 2009ರಲ್ಲಿ ವಸಯಿ, ನವಘರ-ಮಾಣಿಕಪುರ, ನಾಲಾಸೋಪಾರಾ, ವಿರಾರ ಈ ನಾಲ್ಕು ಪುರಸಭೆಗಳನ್ನೂ ಸುತ್ತಲಿನ ಅನೇಕ ಗ್ರಾಮಗಳನ್ನೂ ಒಂದುಗೂಡಿಸಿ ಮಹಾನಗರಪಾಲಿಕೆ ಮಾಡಿದರು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 12 ಲಕ್ಷವನ್ನು ದಾಟಿತ್ತು. 2014ರಲ್ಲಿ ಪಾಲಘರ ಜಿಲ್ಲೆ ಬೇರೆಯಾದಾಗ ವಸಯಿ ಠಾಣೆ ಜಿಲ್ಲೆಯನ್ನು ಬಿಟ್ಟು ಅದರಲ್ಲಿ ಸೇರಿತು.

ಮೊದಲ ಮಾತು: ಏಳು ನಿಮಿಷ

ಇಷ್ಟು ಜನ ಏಕೆ ಬಂದರು? ಮುಂಬಯಿಯಲ್ಲಿ 1947ರಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆ ಬಂದಿತು. ಇದ್ದ ಬಾಡಿಗೆದಾರನಿಗೆ ಅದು ಕವಚವಾಯಿತು. ಇನ್ನು ಬರಬೇಕಾದವನಿಗೆ ಬಾಗಿಲು ಹಾಕಿತು. ಬಾಡಿಗೆ ಏರಿಸಲಾಗದ ಮೇಲೆ ಬಾಡಿಗೆಗೆಂದು ಚಾಳುಗಳನ್ನು ಕಟ್ಟುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ಇದ್ದ ಚಾಳಿನ ಕೋಣೆ ಕೈಬದಲಾಗಲು “ಪಗಡಿ” ಎಂಬ ಹಣ ಕೈಯಿಂದ ಕೈಗೆ ಹೋಗಬೇಕಾಯಿತು. ಕಟ್ಟುವವರು ಬಾಡಿಗೆ ಮನೆಯನ್ನು ಬಿಟ್ಟು ಮಾರುವ ಮನೆಗೆ ತಿರುಗಿದರು. 1963ರಲ್ಲಿ ಅಂಥ ಫ್ಲಾಟುಗಳ ಮಾರಾಟಕ್ಕೇ ಒಂದು ಕಾಯಿದೆ ಬೇಕಾಯಿತು. ಗಿರಣಿಗಳು ನಿಂತುಹೋದುವು, ಕುಟುಂಬಗಳು ಬೆಳೆದುವು, ಗಿರಗಾಂವದ ಚಾಳಿನ ಮರಾಠಿ ಕುಟುಂಬವೂ ಮಾಟುಂಗ, ದಾದರಗಳ ನಮ್ಮವರೂ ಹಳಿಯ ಗುಂಟ ಉತ್ತರಕ್ಕೆ ಸರಿದರು. ಒಂದು ತಲೆಮಾರು ಅಂಧೇರಿಯಲ್ಲಿ ನಿಂತಿತು, ಮುಂದಿನದು ಬೋರಿವಲಿಯಲ್ಲಿ, ಅದರ ಮುಂದಿನದು ಖಾಡಿಯನ್ನು ದಾಟಿತು.

ನಮ್ಮ ದಕ್ಷಿಣ ಕನ್ನಡ, ಉಡುಪಿಗಳ ಜನ ಮುಂಬಯಿಯ ಈ ಸರಿದಾಟದಲ್ಲಿ ಮೊದಲಿನಿಂದಲೂ ಇದ್ದಾರೆ. ಹಡಗನ್ನೇರಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ಈ ಉಪನಗರಗಳಲ್ಲಿದ್ದಾರೆ. ಅವರಿಗೆ ವಸಯಿ ರೋಡಿನಲ್ಲಿ ಒಂದು ವಿಶೇಷ ಅನುಕೂಲವೂ ಉಂಟು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ, ಗುಜರಾತು, ರಾಜಸ್ಥಾನಗಳಿಂದ ನಮ್ಮ ಕರಾವಳಿಗೆ ಬರುವ ಅನೇಕ ಗಾಡಿಗಳು ಮುಂಬಯಿಯ ಒಳಗೆ ಹೋಗದೆ ಇಲ್ಲಿಂದಲೇ ಹೊರಳಿ ಪನವೇಲಿನ ದಾರಿ ಹಿಡಿಯುತ್ತವೆ. ಊರಿನ ಜಾತ್ರೆಗೆ ಹೊರಟವನು ಅಕ್ಕಿಯ ಚೀಲವನ್ನೂ ಮಲ್ಲಿಗೆಯ ಗಿಡವನ್ನೂ ಹೊತ್ತುಕೊಂಡು ಕುರ್ಲಾದವರೆಗೆ ಒದ್ದಾಡಬೇಕಾಗಿಲ್ಲ.

ಬೆಲೆಯ ವಿಷಯ ಹೀಗೆ. ಚರ್ಚಗೇಟಿನಿಂದ ಉತ್ತರಕ್ಕೆ ನಿಲ್ದಾಣ ನಿಲ್ದಾಣಕ್ಕೂ ಮನೆಯ ಬೆಲೆ ಇಳಿಯುತ್ತ ಹೋಗುತ್ತದೆ. ಖಾಡಿಯನ್ನು ದಾಟಿದಾಗ ಒಂದು ದೊಡ್ಡ ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ಅಂಧೇರಿಯಲ್ಲಿ ಒಂದಡಿ ನೆಲಕ್ಕೆ ಕೊಡುವ ಹಣದಲ್ಲಿ ಇಲ್ಲಿ ಎರಡಡಿಗಿಂತ ಹೆಚ್ಚು ಸಿಕ್ಕುತ್ತದೆ. ಊರಿನೊಳಗೆ ಮತ್ತೊಂದು ಲೆಕ್ಕ. ಹಳಿಯ ಪಶ್ಚಿಮಕ್ಕೆ ಬೆಲೆ ಹೆಚ್ಚು, ಪೂರ್ವಕ್ಕೆ ಕಡಿಮೆ. ಪಶ್ಚಿಮದ ಅಂಬಾಡಿ ರಸ್ತೆ, ಮಾಣಿಕಪುರಗಳಲ್ಲಿ ಹಳೆಯ ಸೊಸೈಟಿಗಳು, ಇಗರ್ಜಿಗಳು, ಶಾಲೆಗಳು, ನೆರಳು. ಪೂರ್ವದಲ್ಲಿ ಎವರ್‌ಶೈನ್ ಸಿಟಿ, ವಸಂತ ನಗರಿಗಳಂಥ ಒಂದೇ ಅಚ್ಚಿನ ದೊಡ್ಡ ಬಡಾವಣೆಗಳು. ಅವುಗಳಾಚೆ ವಾಲೀವದ ಕಾರಖಾನೆಗಳು, ಅದರಾಚೆ ತುಂಗಾರೇಶ್ವರದ ಗುಡ್ಡ. ಇಡೀ ಪೇಟೆಯ ಬೆಲೆಯ ಬಿಂದು ಒಂದೇ, ನಿಲ್ದಾಣದ ಪಾದಚಾರಿ ಸೇತುವೆ. ಅದರಿಂದ ಎಷ್ಟು ನಿಮಿಷ ದೂರವೋ ಅಷ್ಟು ಅಗ್ಗ. ದಲ್ಲಾಳಿಯ ಏಳು ನಿಮಿಷವನ್ನು ನಾವು ಗಡಿಯಾರ ಹಿಡಿದು ನಡೆದು ನೋಡಿದೆವು. ಹದಿನಾರಾಯಿತು. “ನಾನು ಹೇಳಿದ್ದು ರಿಕ್ಷಾದ ನಿಮಿಷ” ಎಂದನು ಆ ಪುಣ್ಯಾತ್ಮ!

ಅಗ್ಗವಾಗಿ ಕೊಂಡ ಅಡಿಗಳಿಗೆ ಉಳಿದ ಬೆಲೆಯನ್ನು ಗಾಡಿಯಲ್ಲಿ ತೆರಬೇಕು. ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆಯೆಂದು ಹಿಡಿಯಿರಿ. ವರ್ಷಕ್ಕೆ 300 ದಿನ ದುಡಿಯುವವನಿಗೆ 900 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 37 ದಿನಗಳಿಗಿಂತ ಹೆಚ್ಚು. ಆ ಗಂಟೆಗಳನ್ನು ಸಹಿಸುವ ವಿದ್ಯೆಗಳನ್ನು ಜನ ಕಂಡುಕೊಂಡಿದ್ದಾರೆ. ವಸಯಿಯವನು ಮುಂಬಯಿಗೆ ಹೋಗಲು ಮೊದಲು ಹಿಂದಕ್ಕೆ ವಿರಾರಕ್ಕೆ ಹೋಗಿ, ಅಲ್ಲಿ ಸಿಕ್ಕ ಆಸನವನ್ನು ಬಿಡದೆ ಅದೇ ಗಾಡಿಯಲ್ಲಿ ಮರಳುತ್ತಾನೆ. ಒಂದು ಡಬ್ಬಿಯಲ್ಲಿ ತಾಳ ಹಿಡಿದು ಭಜನೆ. ಹೆಂಗಸರ ಡಬ್ಬಿಯಲ್ಲಿ ಸಂಜೆಯ ಅಡಿಗೆಗೆ ಬಟಾಣಿ ಸುಲಿಯುವುದು, ಸೊಪ್ಪು ಬಿಡಿಸುವುದು. ವಿರಾರದ ಗಾಡಿಯನ್ನು ಬೋರಿವಲಿಯವನು ಹತ್ತಿದರೆ ಅವನಿಗೆ ಇಳಿಯಲು ಬಿಡುವುದಿಲ್ಲವೆಂಬ ಖ್ಯಾತಿಯೂ ಇದೆ. ದೂರ ಹೋಗಬೇಕಾದವನ ಕೋಪ ಅದು. ಅದರಲ್ಲಿ ನ್ಯಾಯವಿಲ್ಲದಿರಬಹುದು, ಕಾರಣವಂತೂ ಇದೆ.

ಎರಡನೆಯ ಮಾತು: ನೀರು

ನಾವು ಮೂರನೆಯ ದಿನ ನೋಡಿದ ಮನೆ ಪೂರ್ವದಲ್ಲಿತ್ತು. ಎರಡು ಕೋಣೆ, ಹೊಳೆಯುವ ನೆಲ, ಗಾಳಿ ಬೆಳಕು ಧಾರಾಳ. ಗೆಳೆಯರ ಮುಖ ಅರಳಿತು. ಅವರ ಪತ್ನಿ ಮಾತ್ರ ಅಡಿಗೆಮನೆಗೆ ಹೋಗಿ ನಲ್ಲಿಯನ್ನು ತಿರುಗಿಸಿದರು. ನೀರು ಬಂತು. ಅವರು ಕಿಟಕಿಯಿಂದ ಕೆಳಗೆ ನೋಡಿದರು. ಅಂಗಳದಲ್ಲಿ ಟ್ಯಾಂಕರ್ ಲಾರಿಯೊಂದು ತೊಟ್ಟಿಗೆ ಕೊಳವೆ ಇಳಿಬಿಟ್ಟು ನಿಂತಿತ್ತು. “ಇದರ ಹಣವನ್ನು ತಿಂಗಳಿಗೆ ಯಾರು ಕೊಡುತ್ತಾರೆ?” ಎಂದು ಅವರು ಕೇಳಿದಾಗ ದಲ್ಲಾಳಿಯು ಮೊದಲ ಬಾರಿಗೆ ಉತ್ತರ ಹುಡುಕಬೇಕಾಯಿತು.

ಸಮುದ್ರ, ಖಾಡಿ, ನಾಲ್ಕು ತಿಂಗಳ ಜಡಿಮಳೆ ಇವೆಲ್ಲ ಇದ್ದೂ ಕುಡಿಯುವ ನೀರಿಗೆ ಈ ಊರು ದೂರದ ಸೂರ್ಯಾ ನದಿಯ ಅಣೆಕಟ್ಟಿನತ್ತ ಕೈಚಾಚಿದೆ. ಹಿಂದೆ ಹೀಗಿರಲಿಲ್ಲ. ಪಶ್ಚಿಮದ ತೋಟಗಳಲ್ಲಿ ಇಂದಿಗೂ ನಡೆದಾಡಿದರೆ ಕಾರಣ ಕಾಣುತ್ತದೆ. ಪಾಪಡಿ, ಗಿರಿಜ, ಗಾಸ, ಭುಯಿಗಾಂವ, ನಿರ್ಮಳಗಳ ಕಡೆ ದಾರಿಗಳು ಕಿರಿದು. ಇಬ್ಬದಿಗೆ ಬಾಳೆ, ತೆಂಗು, ಹೂವಿನ ಪಾತಿ. ನಡುನಡುವೆ ಬಾವಖಲ್ ಎಂದು ಕರೆಯುವ ಹಳೆಯ ಕೊಳಗಳು. ಮಳೆಯ ಸಿಹಿನೀರನ್ನು ತಡೆದು ನೆಲಕ್ಕಿಳಿಸಿ, ಕಡಲಿನ ಉಪ್ಪು ಬಾವಿಗೆ ನುಗ್ಗದಂತೆ ಕಾದದ್ದು ಇಂಥ ಕೊಳಗಳೇ. ಇಲ್ಲಿಯ ರೈತರಲ್ಲಿ ವಾಡವಳರು, ಸಾಮವೇದಿಗಳು ಎಂಬ ಹಳೆಯ ಸಮುದಾಯಗಳಿವೆ. ಒಂದೇ ಕುಲಮೂಲದವರಲ್ಲಿ ಕೆಲವರು ಹಿಂದೂಗಳು, ಕೆಲವರು ಕ್ರೈಸ್ತರು. ಇಗರ್ಜಿಯ ಹಬ್ಬಕ್ಕೂ ನಿರ್ಮಳದ ಜಾತ್ರೆಗೂ ಇದೇ ತೋಟದ ಹಾದಿ.

1990ರಲ್ಲಿ ಸಿಡ್ಕೋ ಸಂಸ್ಥೆಯನ್ನು ಈ ಪ್ರದೇಶದ ಯೋಜನಾ ಪ್ರಾಧಿಕಾರವೆಂದು ಸರಕಾರವು ನೇಮಿಸಿತು. ಹಸಿರು ನೆಲ ಕಟ್ಟಡಗಳಿಗೆ ತೆರೆಯತೊಡಗಿತು. ಅದನ್ನು ಎದುರಿಸಿ ಎದ್ದ ಹರಿತ ವಸಯಿ ಸಂರಕ್ಷಣ ಸಮಿತಿಯ ಮುಂದಾಳು ಫಾದರ್ ಫ್ರಾನ್ಸಿಸ್ ದಿಬ್ರಿಟೊ, ಕ್ರೈಸ್ತ ಪಾದ್ರಿ, ಮರಾಠಿಯ ಒಳ್ಳೆಯ ಲೇಖಕ. 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನು ಅವರು ಅಲಂಕರಿಸಿದರು. 2024ರ ಜುಲೈಯಲ್ಲಿ ತೀರಿಕೊಂಡರು. ಒಂದು ಊರಿನ ನೀರಿಗಾಗಿ ಬೀದಿಗಿಳಿದವನನ್ನು ಭಾಷೆಯೊಂದು ತನ್ನ ಸಮ್ಮೇಲನದ ಪೀಠದಲ್ಲಿ ಕೂರಿಸಿತೆಂಬುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಸಂತೋಷದ ವಿಷಯ. 29 ಹಳ್ಳಿಗಳನ್ನು ಮಹಾನಗರಪಾಲಿಕೆಯಿಂದ ಹೊರಗಿಡಬೇಕೆಂಬ ಬೇಡಿಕೆಯೂ ಇದೇ ಆತಂಕದಿಂದ ಹುಟ್ಟಿ ವರ್ಷಗಟ್ಟಲೆ ನಡೆಯಿತು.

ಕೊಳ ಮುಚ್ಚಿದರೆ ಬೇಸಗೆಯಲ್ಲಿ ನೀರಿಲ್ಲ. ಮಳೆಗಾಲದಲ್ಲಿ ನೀರಿಗೆ ಜಾಗವಿಲ್ಲ. 2018ರ ಜುಲೈಯಲ್ಲಿ ವಸಯಿ-ವಿರಾರಗಳ ನಡುವೆ ಹಳಿಗಳೇ ಮುಳುಗಿ ಗಾಡಿಗಳು ನಿಂತುವು. ಉಪ್ಪಿನ ಆಗರದ ವಸತಿಯಲ್ಲಿ ನೂರಾರು ಜನ ನೀರಿನ ನಡುವೆ ಸಿಕ್ಕಿಬಿದ್ದರು. ಅಂದು ಮಾತ್ರ ಸ್ಟೇಷನ್ನಿಗೆ ಏಳು ನಿಮಿಷವೆಂಬ ಮಾತಿಗೆ ಅರ್ಥವಿರಲಿಲ್ಲ.

ಮೂರನೆಯ ಮಾತು: ಕಾಗದ

ಪೂರ್ವದ ಆ ಮನೆ ಗೆಳೆಯರ ಮೊತ್ತದೊಳಗೆ ಸುಲಭವಾಗಿ ಕೂರುತ್ತಿತ್ತು. ಸ್ವಲ್ಪ ಹಣ ಉಳಿಯುತ್ತಲೂ ಇತ್ತು. ಆ ಉಳಿತಾಯವೇ ನನಗೆ ಸಂಶಯವನ್ನು ತಂದಿತು. ಮಾರನೆಯ ದಿನ ನಾವು ಪತ್ರಗಳನ್ನು ಕೇಳಿದೆವು. ಮಾರಾಟದ ಕರಾರು ಇತ್ತು, ಮನೆತೆರಿಗೆಯ ರಸೀದಿ ಇತ್ತು, ವಿದ್ಯುತ್ತಿನ ಬಿಲ್ಲು ಇತ್ತು. ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಪತ್ರ, ಜನ ಓ.ಸಿ. ಎಂದು ಕರೆಯುವುದು, ಇರಲಿಲ್ಲ. “ಬರುತ್ತದೆ ಸಾಹೇಬರೇ. ಇಲ್ಲಿ ಯಾರಿಗಿದೆ? ಎಲ್ಲರೂ ಇದ್ದಾರಲ್ಲ” ಎಂದು ಉತ್ತರ ಬಂದಿತು.

ತೆರಿಗೆಯ ರಸೀದಿಯಿದ್ದರೆ ಕಟ್ಟಡ ಸಕ್ರಮವೆಂದು ನಮ್ಮ ಜನ ನಂಬುತ್ತಾರೆ. ಅಕ್ರಮ ಕಟ್ಟಡದಿಂದಲೂ ತೆರಿಗೆಯನ್ನು ವಸೂಲು ಮಾಡುತ್ತಾರೆ. ಅದರಿಂದ ಕಟ್ಟಡಕ್ಕೆ ಹಕ್ಕು ಹುಟ್ಟುವುದಿಲ್ಲ. ಪಕ್ಕದ ನಾಲಾಸೋಪಾರಾ ಪ್ರಾಚೀನರ ಶೂರ್ಪಾರಕ. ಅಶೋಕನ ಶಾಸನದ ತುಣುಕು ಸಿಕ್ಕ ನೆಲ. ಅದರ ಪೂರ್ವ ಭಾಗದ ಅಗರವಾಲ ನಗರಿಯಲ್ಲಿ 41 ಕಟ್ಟಡಗಳು ಎದ್ದಿದ್ದುವು. ಆ ನೆಲವನ್ನು ನಗರಯೋಜನೆಯಲ್ಲಿ ಕಸದ ವಿಲೇವಾರಿಗೂ ಚರಂಡಿ ನೀರಿನ ಶುದ್ಧೀಕರಣಕ್ಕೂ ಕಾದಿರಿಸಿದ್ದರು. ಮುಂಬಯಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2025ರ ಆರಂಭದ ತಿಂಗಳುಗಳಲ್ಲಿ ಅವೆಲ್ಲವನ್ನೂ ಕೆಡವಿ ಮುಗಿಸಿದರು. ಅಲ್ಲಿದ್ದವರು ಬಿಟ್ಟಿಯಾಗಿ ಕುಳಿತವರಲ್ಲ. ಹಣ ಕೊಟ್ಟು ಕೊಂಡವರು. ಅದೇ ವರ್ಷದ ಆಗಸ್ಟಿನಲ್ಲಿ ವಿರಾರದ ಪೂರ್ವಕ್ಕೆ, ಅನುಮತಿಯಿಲ್ಲದೆ ಕಟ್ಟಿದ ನಾಲ್ಕು ಮಹಡಿಯ ಕಟ್ಟಡವೊಂದರ ಭಾಗ ಮಧ್ಯರಾತ್ರಿಯ ವೇಳೆಗೆ ಕುಸಿದು 17 ಜನ ಸತ್ತರು. ಕೆಡವಿದ್ದು ನ್ಯಾಯಾಲಯವಾಗಲಿ, ಕಳಪೆ ಸಿಮೆಂಟಾಗಲಿ, ಇಲ್ಲದ ಕಾಗದದ ಬೆಲೆಯನ್ನು ತೆತ್ತವನು ಕೊಂಡವನೇ; ಮಾರಿದವನು ಆ ಹೊತ್ತಿಗೆ ಬೇರೆ ನೆಲದಲ್ಲಿ ಬೇರೆ ಫಲಕ ನಿಲ್ಲಿಸಿರುತ್ತಾನೆ.

ಕಾನೂನು ಕೊಂಡವನ ಕಡೆಗೆ ತಿರುಗಿಲ್ಲವೆಂದಲ್ಲ. 2017ರ ಮೇ ತಿಂಗಳಿನಿಂದ ಮಹಾರೇರಾ ಬಂದ ಮೇಲೆ ಹೊಸ ದೊಡ್ಡ ಕಟ್ಟಡಗಳು ನೋಂದಣಿಯಾಗಬೇಕು. ನೆಲದ ಅಳತೆಯನ್ನು ಮೆಟ್ಟಿಲು, ಮೊಗಸಾಲೆಗಳನ್ನೆಲ್ಲ ಕೂಡಿಸಿ ಉಬ್ಬಿಸುವಂತಿಲ್ಲ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಕಾಲಿಡಬಹುದಾದ ನೆಲವನ್ನೇ ಹೇಳಬೇಕು. ಆದರೆ ಕಾನೂನು ನೋಂದಣಿಯಾದವನನ್ನು ಹಿಡಿಯುತ್ತದೆ. ನೋಂದಣಿಯೇ ಇಲ್ಲದ ಕಟ್ಟಡದಲ್ಲಿ ಅಗ್ಗದ ಮನೆ ಕೊಂಡ ಬಡವನಿಗೆ ಅದರ ನೆರಳು ತಾಗುವುದು ಕಷ್ಟ. ಅಗ್ಗವು ಅವನ ಆಸೆಯಲ್ಲ, ಅನಿವಾರ್ಯ. ಮಹಾನಗರವು ಅವನ ದುಡಿಮೆಯನ್ನು ಬಯಸುತ್ತದೆ. ಅವನಿಗೆ ಮಲಗಲು ಸಕ್ರಮವಾದ ಆರಡಿ ಜಾಗವನ್ನು ಅವನ ಸಂಬಳದಲ್ಲಿ ಕೊಡಲಾರದು. ದೋಷ ಎಲ್ಲಿದೆಯೆಂದು ಕೇಳುವವರು ಇಲ್ಲಿಂದ ಲೆಕ್ಕ ಹಿಡಿಯಬೇಕು.

ನಮ್ಮ ಊರುಗಳಿಂದ ಹೋಗಿ ಅಲ್ಲಿ ನೆಲೆಸಬಯಸುವವರಿಗೆ ನಾನು ಹೇಳಬಲ್ಲುದು ಇಷ್ಟು. ದೂರವನ್ನು ನಿಮ್ಮ ಕಾಲಿನಿಂದ ಅಳೆಯಿರಿ, ಬೆಳಿಗ್ಗೆ ಎಂಟು ಗಂಟೆಯ ಜನಸಂದಣಿಯಲ್ಲಿ ಒಮ್ಮೆ ಗಾಡಿ ಹತ್ತಿ ನೋಡಿ. ನೀರಿನ ವಿಷಯವನ್ನು ಮಾರುವವನಲ್ಲಿ ಕೇಳಬೇಡಿ, ಎದುರು ಮನೆಯ ಹೆಂಗಸಿನಲ್ಲಿ ಕೇಳಿ. ಮಳೆಗಾಲದ ಗೆರೆ ನೆಲಮಹಡಿಯ ಗೋಡೆಯ ಮೇಲೆ ಎಲ್ಲಿಯವರೆಗೆ ಇದೆಯೆಂದು ನೋಡಿ. ವಾಸದ ಪತ್ರವೂ, ನೆಲದ ಒಡೆತನ ಸೊಸೈಟಿಯ ಹೆಸರಿಗೆ ಬಂದ ಪತ್ರವೂ ಇವೆಯೋ ಎಂಬುದನ್ನು ದಲ್ಲಾಳಿ ಕರೆತಂದ ವಕೀಲನಿಗಲ್ಲ, ನೀವೇ ಗೊತ್ತುಮಾಡಿದ ವಕೀಲನಿಗೆ ತೋರಿಸಿ. ಅವನ ಶುಲ್ಕ ಒಂದು ತಿಂಗಳ ಕಂತಿಗಿಂತ ಹೆಚ್ಚಾಗಲಾರದು.

ಗೆಳೆಯರು ಎರಡು ಕೋಣೆಯ ಮನೆಯನ್ನು ಬಿಟ್ಟರು. ಆ ರಾತ್ರಿ ಅವರು ಹೆಚ್ಚು ಮಾತಾಡಲಿಲ್ಲ. ಬಿಟ್ಟುಕೊಟ್ಟ ಗಾಳಿ ಬೆಳಕು ಅವರ ಕಣ್ಣ ಮುಂದೆ ಇತ್ತೆಂದು ತೋರುತ್ತದೆ. ತಿಂಗಳ ತರುವಾಯ ಕಾಗದ ಬಂದಿತು. ಮಾಣಿಕಪುರದ ಹಳೆಯ ಸೊಸೈಟಿಯೊಂದರಲ್ಲಿ, ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿ, ಒಂದು ಕೋಣೆ ಮತ್ತು ಅಡಿಗೆಮನೆ. ಸುಣ್ಣ ಮಾಸಿದೆ, ಪತ್ರಗಳು ಸರಿಯಾಗಿವೆ. ಬೆಳಿಗ್ಗೆ ಒಂದು ಗಂಟೆ ಪಾಲಿಕೆಯ ನೀರು. ನಿಲ್ದಾಣಕ್ಕೆ ಹನ್ನೊಂದು ನಿಮಿಷ, ಅವರೇ ನಡೆದು ಅಳೆದದ್ದು. ಮಗಳು ಓದಲು ಮೆಟ್ಟಿಲ ಬದಿಯ ಕಿಟಕಿಯ ಹತ್ತಿರ ಮೇಜು ಹಾಕಿದ್ದಾರೆ. ಸಮುದ್ರವನ್ನು ಅವರು ಇನ್ನೂ ನೋಡಿಲ್ಲವಂತೆ. ಮುಂದಿನ ಭಾನುವಾರ ಬಿಡುವಾದರೆ ಮೂವರೂ ಬಸ್ಸಿನಲ್ಲಿ ಕೋಟೆಯ ಕಡೆ ಹೋಗಬೇಕೆಂದಿದ್ದಾರೆ.